ತಣ್ಣಗಾದ ಎದೆ

ಪಾಶ್ಚಾತ್ಯ ಸಂಗೀತದ ಬಗ್ಗೆ ನಾನು ಬರೆಯಹೊರಟಿದ್ದೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಮುಸಿಮುಸಿ ನಕ್ಕಾರು. ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿದವನು ನಾನು. ನನ್ನ ಮಟ್ಟಿಗೆ ಹಾಡೆಂದರೆ ಕಾಳಿಂಗರಾಯರ ಕಂಠದ ಭಾವಗೀತೆ, ಮನೆಯ ಹೆಂಗಸರ ಸೋಬಾನೆ, ಚಳಿಗಾಲದ ರಾತ್ರಿಗಳ ಯಕ್ಷಗಾನ. ಪಟ್ಟಣದ ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬನ ರೇಡಿಯೋದಲ್ಲಿ ಸಿಲೋನ್ ಕೇಂದ್ರದಿಂದ ಜಿಮ್ ರೀವ್ಸ್ ಎಂಬ ಅಮೆರಿಕದ ಗಾಯಕನ ಮೃದುವಾದ ದನಿ ತೇಲಿಬರುತ್ತಿದ್ದುದುಂಟು. ಅರ್ಥವಾಗದಿದ್ದರೂ ಕೇಳುತ್ತಿದ್ದೆವು. ಆ ಬಗೆಯ ಸಂಗೀತದೊಡನೆ ನನ್ನ ನಂಟು ಅಷ್ಟಕ್ಕೇ ಮುಗಿದಿತ್ತು. ಆದರೂ ಇಂದು ಅದೇ ಬಗೆಯ ಒಂದು ಹಾಡಿನ ಬಗ್ಗೆ ಬರೆಯದೆ ನನಗೆ ಗತ್ಯಂತರವಿಲ್ಲ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ತಾಳ್ಮೆಯಿಂದ ಓದಬೇಕು.

2018ರ ಏಪ್ರಿಲ್‌ನಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನನ್ನ ಪತ್ನಿ ತೀರಿಕೊಂಡು ಆಗ ನಾಲ್ಕು ವರ್ಷಗಳಾಗಿದ್ದವು. ಒಂದು ಶನಿವಾರ, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಲಬಾಮಾ ರಾಜ್ಯದ ಮಾಂಟ್‌ಗಮರಿಗೆ ಹೊರಟಳು. ಮಾರ್ಟಿನ್ ಲೂಥರ್ ಕಿಂಗ್ ಅವರು ಪಾದ್ರಿಯಾಗಿದ್ದ ಇಗರ್ಜಿಯನ್ನೂ, 1955ರಲ್ಲಿ ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಸ್ಸಿನಲ್ಲಿ ತನ್ನ ಆಸನವನ್ನು ಬಿಟ್ಟುಕೊಡಲೊಪ್ಪದೆ ಬಂಧನಕ್ಕೊಳಗಾದ ಬೀದಿಯನ್ನೂ ನೋಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಸುಮಾರು 250 ಕಿಲೋಮೀಟರುಗಳ ಹಾದಿ. ದಾರಿಯುದ್ದಕ್ಕೂ ಮೊಮ್ಮಗಳು ತನಗೆ ಪ್ರಿಯವಾದ ಹಾಡುಗಳನ್ನು ಹಾಕುತ್ತಿದ್ದಳು. ಅವುಗಳ ನಡುವೆ ಪಿಯಾನೋದೊಂದಿಗೆ, ತುಸು ನಿದ್ದೆಗಣ್ಣಿನ ದನಿಯಲ್ಲಿ ಹೆಣ್ಣೊಬ್ಬಳು ಹಾಡಿದ ಹಾಡೊಂದು ನನ್ನ ಕಿವಿಯನ್ನು ಹಿಡಿದು ನಿಲ್ಲಿಸಿತು.

"ಯಾರಮ್ಮ ಇದು?" ಎಂದೆ.

"ನೋರಾ ಜೋನ್ಸ್, ಅಜ್ಜ. ನಿಮ್ಮ ರವಿಶಂಕರ್ ಇದ್ದಾರಲ್ಲ, ಸಿತಾರ್, ಅವರ ಮಗಳು."

ನನಗೆ ಆಶ್ಚರ್ಯವಾಯಿತು. ಪಂಡಿತ್ ರವಿಶಂಕರರ ಮಗಳಾದರೂ ಈಕೆ ತಂದೆಯಿಂದ ದೂರವಾಗಿ, ಟೆಕ್ಸಸ್‌ನಲ್ಲಿ ತಾಯಿಯ ಆಶ್ರಯದಲ್ಲಿ ಬೆಳೆದವಳು. 2002ರಲ್ಲಿ ಹೊರಬಂದ ಈಕೆಯ ಮೊದಲ ಸಂಪುಟಕ್ಕೆ ಮರುವರ್ಷವೇ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಾನು ಕೇಳಿದ ಹಾಡು ಆ ಸಂಪುಟದ್ದು. ಆದರೆ ಹಾಡು ಅವಳ ಸ್ವಂತದ್ದಲ್ಲ. "ಇದು ತುಂಬಾ ಹಳೇದು ಅಜ್ಜ. ಹ್ಯಾಂಕ್ ವಿಲಿಯಮ್ಸ್ ಬರೆದದ್ದು. ನಾವು ಹೋಗ್ತಾ ಇರೋ ಊರಲ್ಲೇ ಅವನ ಸಮಾಧಿ ಇದೆ" ಎಂದು ಹೇಳಿ, ಮೊಮ್ಮಗಳು ಅವನೇ ಹಾಡಿದ್ದನ್ನು ಹಾಕಿದಳು. ಪಿಯಾನೋ ಮಾಯವಾಗಿ ಪಿಟೀಲು ಬಂತು; ಅದರ ಹಿಂದೆ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಸ್ಟೀಲ್ ಗಿಟಾರಿನ ಎಳೆದ ಕೊರಗು. ಅದರ ಮೇಲೆ ಒಂದು ಒರಟು, ಒಡೆದ ಗಂಡುದನಿ. ಹಾಡಿನ ಹೆಸರು 'ಕೋಲ್ಡ್ ಕೋಲ್ಡ್ ಹಾರ್ಟ್'. ತಣ್ಣಗಾಗಿಹೋದ ಎದೆ ಎಂದು ನಾವು ಹೇಳಬಹುದು.

ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರು, ಗಿರಣಿ ಕೂಲಿಗಳು, ಗುಡ್ಡಗಾಡಿನ ಜನರ ನಡುವೆ ಬೆಳೆದುಬಂದ ಸಂಗೀತವನ್ನು ಅಲ್ಲಿ ಕಂಟ್ರಿ ಎನ್ನುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನಿಂದ ವಲಸೆ ಬಂದವರು ಪಿಟೀಲನ್ನೂ ಕಥನಗೀತೆಗಳನ್ನೂ ತಂದರು. ಬ್ಯಾಂಜೋ ಎಂಬ ವಾದ್ಯದ ಮೂಲ ಆಫ್ರಿಕದಿಂದ ಗುಲಾಮರಾಗಿ ಬಂದವರಲ್ಲಿದೆ. ಸ್ಟೀಲ್ ಗಿಟಾರ್ ಹವಾಯಿ ದ್ವೀಪಗಳಿಂದ ಬಂದದ್ದು. ನಮ್ಮ ಜನಪದ ಗೀತೆಗಳಂತೆಯೇ ಇದರಲ್ಲಿಯೂ ಮಾತು ಸರಳ, ದುಃಖ ನೇರ. ಕುಡಿತ, ದೇವರು, ರೈಲು, ತಾಯಿ, ಕೈಬಿಟ್ಟುಹೋದ ಪ್ರೀತಿ ಇವೇ ಅದರ ವಸ್ತು.

ಹ್ಯಾಂಕ್ ವಿಲಿಯಮ್ಸ್ ಹುಟ್ಟಿದ್ದು 1923ರ ಸೆಪ್ಟೆಂಬರಿನಲ್ಲಿ, ಅಲಬಾಮಾದ ಮೌಂಟ್ ಆಲಿವ್ ಎಂಬ ಸಣ್ಣ ಊರಿನಲ್ಲಿ. ಹುಟ್ಟಿನಿಂದಲೇ ಬೆನ್ನುಮೂಳೆಯ ದೋಷವಿತ್ತು; ಆ ನೋವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ತಂದೆ ವರ್ಷಗಟ್ಟಲೆ ಆಸ್ಪತ್ರೆ ಸೇರಿದಾಗ, ತಾಯಿ ಬಾಡಿಗೆಯವರಿಗೆ ಊಟ ವಸತಿ ಒದಗಿಸುವ ಮನೆ ನಡೆಸಿ ಮಕ್ಕಳನ್ನು ಸಾಕಿದಳು. ಹುಡುಗನಿಗೆ ಗಿಟಾರ್ ಕಲಿಸಿದವನು ರೂಫಸ್ ಪೇನ್ ಎಂಬ ಕಪ್ಪು ಬೀದಿಗಾಯಕ. ಕಪ್ಪುಜನರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕೂರುವಂತಿಲ್ಲದ ಕಾಲ, ಪ್ರದೇಶ ಅದು. ಗುರುವಿಗೆ ಸಂದ ದಕ್ಷಿಣೆಯೆಂದರೆ ಆ ತಾಯಿ ಹಾಕುತ್ತಿದ್ದ ಊಟ. ಈ ವಿವರವನ್ನು ಓದಿದಾಗ ಶಿಕ್ಷಕನಾದ ನನಗೆ ಕಣ್ಣು ಮಂಜಾಯಿತು. ಸ್ವರಲಿಪಿ ಓದಲು ಬಾರದ ಆ ಹುಡುಗ ಮುಂದೆ ಇಡೀ ದೇಶ ಹಾಡುವ ಹಾಡುಗಳನ್ನು ಕಟ್ಟಿದ. 1949ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಪ್ರಸಿದ್ಧ ವೇದಿಕೆಯಲ್ಲಿ ಮೊದಲ ಬಾರಿ ಹಾಡಿದಾಗ ಜನ ಅವನನ್ನು ಮತ್ತೆ ಮತ್ತೆ ಕರೆದು ಹಾಡಿಸಿದರಂತೆ.

ಅವನ ಹೆಂಡತಿ ಆಡ್ರಿ. ಅವಳಿಗೆ ಅದು ಎರಡನೆಯ ಮದುವೆ. ಹೊಟ್ಟೆಯಲ್ಲಿ ಮಗುವಿರುವಾಗಲೇ ಮೊದಲ ಗಂಡ ಅವಳನ್ನು ಬಿಟ್ಟುಹೋಗಿದ್ದ. 1944ರ ಡಿಸೆಂಬರಿನಲ್ಲಿ, ಒಂದು ಪೆಟ್ರೋಲ್ ಬಂಕಿನಲ್ಲಿ, ಹ್ಯಾಂಕ್ ಅವಳ ಕೈಹಿಡಿದ. ಅವನನ್ನು ನ್ಯಾಶ್‌ವಿಲ್‌ನ ಹಾಡು ಪ್ರಕಾಶಕರ ಬಳಿಗೆ ಹೋಗುವಂತೆ ಹುರಿದುಂಬಿಸಿದವಳೂ ಅವಳೇ. ಆದರೆ ಅವನ ಕುಡಿತ, ಪರಸ್ತ್ರೀ ವ್ಯಾಮೋಹ, ಇಬ್ಬರ ಮುಂಗೋಪ ಸೇರಿ ಸಂಸಾರ ಕುದಿಯುತ್ತಲೇ ಇತ್ತು.

ಇನ್ನು ಹಾಡಿನ ವಿಷಯ. 1950ರ ಡಿಸೆಂಬರ್ 21ರಂದು ನ್ಯಾಶ್‌ವಿಲ್‌ನಲ್ಲಿ ಅದರ ಧ್ವನಿಮುದ್ರಣವಾಯಿತು. 1951ರಲ್ಲಿ ಹೊರಬಂದು ಕಂಟ್ರಿ ಹಾಡುಗಳ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಅದೇ ವರ್ಷ ಟೋನಿ ಬೆನೆಟ್ ಎಂಬ ನಗರದ ಗಾಯಕ ಅದನ್ನು ವಾದ್ಯವೃಂದದೊಂದಿಗೆ ಹಾಡಿದಾಗ, ಹಳ್ಳಿಹಾಡೆಂದರೆ ಮೂಗು ಮುರಿಯುತ್ತಿದ್ದವರೂ ಅದನ್ನು ಗುನುಗುನಿಸತೊಡಗಿದರು. ನಾಲ್ಕೇ ಚರಣಗಳ ಪುಟ್ಟ ಹಾಡು. ಬೇರೆ ಪಲ್ಲವಿಯಿಲ್ಲ, ಪ್ರತಿ ಚರಣವೂ ಒಂದೇ ಮೊರೆಯಲ್ಲಿ ಬಂದು ನಿಲ್ಲುತ್ತದೆ. ಹಾಡುವವನ ಅಳಲು ಇಷ್ಟು: ಈ ಹೆಣ್ಣು ತನ್ನನ್ನು ನಂಬುವುದಿಲ್ಲ, ಹಿಂದೆ ಬೇರೊಬ್ಬನಿಂದ ಪಟ್ಟ ನೋವು ಅವಳೆದೆಯನ್ನು ಹೆಪ್ಪುಗಟ್ಟಿಸಿದೆ, ಆ ಮಹಾನುಭಾವನ ಸಾಲವನ್ನು ತಾನು ತೀರಿಸಬೇಕಾಗಿ ಬಂದಿದೆ.

ಇದು ನಮ್ಮಲ್ಲಿಯೂ ಎಷ್ಟೋ ದಾಂಪತ್ಯಗಳಲ್ಲಿ ಕೇಳಿಬರುವ ಮಾತೇ. ಪ್ರೀತಿಯಿದ್ದರೆ ಸಾಕು ಎಲ್ಲವೂ ಸರಿಹೋಗುತ್ತದೆಂದು ಯೌವನದಲ್ಲಿ ನಂಬಿರುತ್ತೇವೆ. ಒಬ್ಬರ ಎದೆಯೊಳಗೆ ನಾವು ಬರುವ ಮೊದಲೇ ಏನೇನೋ ನಡೆದುಹೋಗಿರುತ್ತದೆ, ನಮ್ಮ ಪ್ರೀತಿಗೆ ಅದನ್ನು ಅಳಿಸುವ ಶಕ್ತಿ ಇರಲಾರದು ಎಂಬ ಕಟುಸತ್ಯ ತಡವಾಗಿ ತಿಳಿಯುತ್ತದೆ. ಕಾರಿನಲ್ಲಿ ಮೊದಲ ಸಲ ಕೇಳಿದಾಗ ನಾನು ಕಂಡುಕೊಂಡ ಅರ್ಥ ಅಷ್ಟೇ. ಪಾಪ, ಅವನ ತಪ್ಪಾದರೂ ಏನು ಎಂದುಕೊಂಡೆ. ಹಾಡು ನನ್ನದೇ ಪಕ್ಷ ವಹಿಸಿದಂತೆ ಒಳಗೊಳಗೇ ಸಮಾಧಾನವೂ ಆಯಿತು.

ಮಾಂಟ್‌ಗಮರಿಯಿಂದ ಮರಳಿದ ಮೇಲೆ ಮೊಮ್ಮಗಳ ನೆರವಿನಿಂದ ಹ್ಯಾಂಕ್ ವಿಲಿಯಮ್ಸನ ಜೀವನದ ಬಗ್ಗೆ ಓದಿದೆ. ಆಗ ಹಾಡು ಮಗ್ಗುಲು ಬದಲಿಸಿತು. ಅವನ ಜೀವನಚರಿತ್ರೆ ಬರೆದವರು ತಿಳಿಸುವ ಸಂಗತಿ ಹೀಗಿದೆ. 1950ರಲ್ಲಿ ಆಡ್ರಿ ಮನೆಯಲ್ಲೇ ಗರ್ಭಪಾತ ಮಾಡಿಸಿಕೊಂಡು, ಅದು ನಂಜಾಗಿ ಆಸ್ಪತ್ರೆ ಸೇರಿದಳು. ನೋಡಲು ಹೋದ ಗಂಡನಿಗೆ ಮುಖ ಕೊಡಲಿಲ್ಲ. ತನ್ನ ಈ ಪಾಡಿಗೆ ನೀನೇ ಕಾರಣ ಎಂದಳು. ಹ್ಯಾಂಕ್ ಮನೆಗೆ ಬಂದು, ಇವಳದು ಎಂಥ ತಣ್ಣನೆಯ ಎದೆ ಎಂದು ಗೊಣಗಿಕೊಂಡ. ಆ ಗೊಣಗಾಟವೇ ಹಾಡಾಯಿತು.

ಅಂದರೆ, ಆ ಕೋಣೆಯಲ್ಲಿ ಹೆಂಡತಿ ಬೆರಳು ತೋರಿಸಿದ್ದು ಎದುರಿಗೆ ನಿಂತಿದ್ದ ಗಂಡನತ್ತ. ಹಾಡಿನಲ್ಲಿ ಗಂಡ ಬೆರಳು ತೋರಿಸಿದ್ದು ಹಿಂದೆಂದೋ ಹೊರಟುಹೋದ ಇನ್ನೊಬ್ಬ ಗಂಡಸಿನತ್ತ. ಅವಳಿಗೆ ಮೊದಲ ಗಂಡನಿಂದ ಗಾಯವಾಗಿದ್ದುದು ಸುಳ್ಳಲ್ಲ. ಅದರ ಮೇಲೆ ತಾನು ಹಾಕಿದ ಬರೆಯ ಬಗ್ಗೆ ಮಾತ್ರ ಹಾಡುವವನು ಒಂದು ಪದವನ್ನೂ ಆಡುವುದಿಲ್ಲ. ಬೇಕೆಂದೇ ಬಿಟ್ಟನೋ, ನಿಜವಾಗಿಯೂ ಕಾಣಲಿಲ್ಲವೋ ಯಾರು ಬಲ್ಲರು? ಕಾಣಲಿಲ್ಲವೆಂದೇ ನನಗನ್ನಿಸುತ್ತದೆ. ಆ ದನಿಯಲ್ಲಿ ಕಪಟವಿಲ್ಲ. ತಾನು ನಿರಪರಾಧಿಯೆಂದು ಮನಸಾರೆ ನಂಬಿದವನ ನೋವು ಅದು. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಇನ್ನು ನನ್ನ ಮಾತಿಗೆ ಬರುತ್ತೇನೆ. 1971ರ ಮಾರ್ಚ್‌ನಲ್ಲಿ ನನಗೆ ಇಪ್ಪತ್ತಾರು. ಮದುವೆಯಾಗಿ ಮೂರು ವರ್ಷಗಳಾಗಿದ್ದವು. ನಮ್ಮ ಮೊದಲ ಕೂಸಿಗೆ ಎಂಟು ತಿಂಗಳು. ಆ ವರ್ಷದ ಜನಗಣತಿಗೆ ಉಪಾಧ್ಯಾಯರನ್ನೆಲ್ಲ ಹಾಕಿದ್ದರು. ನನ್ನ ಪಾಲಿಗೆ ಬಂದದ್ದು ಹೊಳೆಯಾಚೆಯ ಹಳ್ಳಿಗಳು. ಮಲೆನಾಡಿನ ಒಂಟಿಮನೆಗಳು, ಒಂದರಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. ಅಲ್ಲಿಯೇ ಯಾರದಾದರೂ ಮನೆಯ ಜಗುಲಿಯಲ್ಲಿ ಮಲಗುತ್ತಿದ್ದೆ. ಕೂಸಿಗೆ ವಾಂತಿಭೇದಿ ಹಿಡಿದ ಸುದ್ದಿ ನನ್ನನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಎರಡು ದಿನ ಕಳೆದಿತ್ತು. ನಾನು ಮನೆ ತಲುಪಿದಾಗ ಎಲ್ಲವೂ ಮುಗಿದಿತ್ತು. ಅಂಗಳದಲ್ಲಿ ಬಂಧುಗಳು ಕೂತಿದ್ದರು. ಕಂಬಕ್ಕೆ ಒರಗಿ ಇವಳು ಕೂತಿದ್ದಳು. ನಾನು ಚೀಲವನ್ನೂ ಕೆಳಗಿಳಿಸದೆ ಎಲ್ಲರೆದುರು ಅಂದೆ:

"ಒಂದು ಮಗು ನೋಡ್ಕೊಳ್ಳೋಕೆ ನಿನ್ನ ಕೈಲಿ ಆಗ್ಲಿಲ್ವಾ?"

ಅವಳು ತಲೆಯೆತ್ತಿ ಒಮ್ಮೆ ನೋಡಿದಳು. ಮಾತಾಡಲಿಲ್ಲ. ಗಣತಿಯ ಕೆಲಸ ಮುಗಿದಿರಲಿಲ್ಲವಾದ್ದರಿಂದ ವಾರ ಕಳೆಯುವುದರೊಳಗೆ ನಾನು ಮತ್ತೆ ಹೊರಟೆ. ಎಣಿಕೆಯ ನಡುವೆ ತೀರಿಕೊಂಡವರ ಹೆಸರುಗಳನ್ನು ಕೊನೆಯ ಸುತ್ತಿನಲ್ಲಿ ಹೊಡೆದುಹಾಕಬೇಕೆಂಬುದು ನಿಯಮ. ಕಂಡವರ ಮನೆಯ ಪಟ್ಟಿಗಳಲ್ಲಿ ನಾನು ಗೆರೆ ಎಳೆಯುತ್ತಿದ್ದಾಗ, ನಮ್ಮ ಮನೆಯ ಪಟ್ಟಿಯಲ್ಲಿ ಇನ್ನೊಬ್ಬ ಉಪಾಧ್ಯಾಯರು ಒಂದು ಗೆರೆ ಎಳೆದುಹೋದರು.

ಅಲ್ಲಿಂದ ಮುಂದೆ ನಲವತ್ತಮೂರು ವರ್ಷ ನಾವು ಸಂಸಾರ ನಡೆಸಿದೆವು. ಮಗಳು ಹುಟ್ಟಿದಳು, ಮಗ ಹುಟ್ಟಿದ. ಮನೆಗೆ ಬಂದ ವಿದ್ಯಾರ್ಥಿಗಳಿಗೆಲ್ಲ ಅವಳು ಅನ್ನ ಹಾಕಿದಳು. ಇದನ್ನು ಓದುವ ನಿಮ್ಮಲ್ಲಿ ಅನೇಕರು ಆ ಊಟವನ್ನು ಈಗಲೂ ನೆನೆಯುತ್ತೀರಿ. ಆದರೆ ನನ್ನೊಡನೆ ಅವಳ ಮಾತು 'ಹೂಂ', 'ಆಯ್ತು' ಎಂಬುದರಾಚೆಗೆ ಬೆಳೆಯಲಿಲ್ಲ. ಸಿಟ್ಟಿಲ್ಲ, ಜಗಳವಿಲ್ಲ, ನಗುವೂ ಇಲ್ಲ. ಕೂಸು ಹೋದ ದುಃಖ ಅವಳನ್ನು ಹೀಗೆ ಮಾಡಿತೆಂದು ನಾನು ನಂಬಿದ್ದೆ. ವಿಧಿ ಮಾಡಿದ್ದಕ್ಕೆ ನಾನು ದಂಡ ತೆರಬೇಕೇ ಎಂದು ಒಳಗೇ ಕೊರಗುತ್ತಿದ್ದೆ. "ನಮ್ಮನೆಯವಳದು ಕಲ್ಲೆದೆ ಮಾರಾಯರೇ" ಎಂದು ಬಂಧುಗಳ ನಡುವೆ ತಮಾಷೆಯನ್ನೂ ಮಾಡುತ್ತಿದ್ದೆ. ಅವಳು ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಸಾಯುತ್ತಿರುವ ಮಗುವಿನೆದುರು ಹೆಂಡತಿಯ ನೋಟವನ್ನು ತಾಳಲಾರದೆ ಗಂಡನೊಬ್ಬ ಪಡುವ ಸಂಕಟವನ್ನು ಬೇಂದ್ರೆಯವರು ಕವಿತೆ ಮಾಡಿದ್ದಾರೆ. ತಮ್ಮದೇ ಮಗುವನ್ನು ಕಳೆದುಕೊಂಡ ತಂದೆ ಬರೆದದ್ದು ಅದು. ಪಠ್ಯದಲ್ಲಿ ಇರಲಿ ಬಿಡಲಿ, ಪ್ರತಿ ವರ್ಷ ಹತ್ತನೆಯ ತರಗತಿಗೆ ಅದನ್ನು ಓದಿ ಹೇಳುತ್ತಿದ್ದೆ. ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಎಷ್ಟು ಚೆನ್ನಾಗಿ ಪಾಠ ಮಾಡಿದರೆಂದು ನೀವೇ ಹೊಗಳಿದ್ದೀರಿ. ಆ ಕವಿತೆಯ ಗಂಡ ಹೆಂಡತಿಯ ಕಣ್ಣನ್ನು ಕಂಡು ತತ್ತರಿಸುತ್ತಾನೆ. ನಾನು ಆ ಕಣ್ಣನ್ನು ಅಂಗಳದಲ್ಲಿ ಕಂಡೂ ಕಾಣದವನು. ವರ್ಷವರ್ಷವೂ ಓದಿದರೂ ನನಗೆ ಅದು ಹೊಳೆಯಲಿಲ್ಲ.

2014ರಲ್ಲಿ ಅವಳು ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ, ಒಂದು ರಾತ್ರಿ ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನಿದ್ದೆ ಹೋಗಿದ್ದಾಳೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ನೀವು ಅವತ್ತು ಹೇಳಿದ್ದು ಖರೆ ಇರಬಹುದಾ ಅಂತ ನಾನು ದಿನಾ ಯೋಚನೆ ಮಾಡಿದೀನಿ. ಬೆಳಿಗ್ಗೆನೇ ಗಾಡಿ ಕಟ್ಟಿಸಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ರೆ ಉಳೀತಿತ್ತೇನೋ."

ನಾನೇನು ಹೇಳಿದೆ ಗೊತ್ತೇ? "ಹಳೇದೆಲ್ಲ ಈಗ ಯಾಕೆ, ಮಲಗು" ಎಂದೆ. ಅವಳು "ಹೂಂ" ಎಂದಳು. ಹತ್ತು ದಿನಗಳಲ್ಲಿ ಹೋಗಿಬಿಟ್ಟಳು.

ಅವಳು ನನ್ನ ಮೇಲಿನ ಕೋಪದಿಂದ ತಣ್ಣಗಾಗಿದ್ದರೆ ನನಗೆ ಇಂದು ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಆಡ್ರಿ ತನ್ನ ಗಂಡನ ಮುಖಕ್ಕೆ ನೀನೇ ಕಾರಣ ಎಂದಳು. ಇವಳು ನನ್ನ ಮಾತನ್ನು ಒಪ್ಪಿಕೊಂಡು, ತಾನೇ ಕಾರಣವಿರಬಹುದೆಂದು ನಲವತ್ತಮೂರು ವರ್ಷ ಒಲೆಯ ಮುಂದೆ, ಬಾವಿಕಟ್ಟೆಯ ಬಳಿ ಒಬ್ಬಳೇ ವಿಚಾರಣೆ ನಡೆಸಿಕೊಂಡಳು. ಆಸ್ಪತ್ರೆಯ ಆ ರಾತ್ರಿ ತೀರ್ಪು ಕೇಳಿದಳು. ನಾನು ತೀರ್ಪು ಕೊಡದೆ ಮಲಗಲು ಹೇಳಿದೆ.

ಆಡ್ರಿ ಮತ್ತು ಹ್ಯಾಂಕ್ 1952ರಲ್ಲಿ ವಿಚ್ಛೇದನ ಪಡೆದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಕುಡಿತದ ಕಾರಣಕ್ಕೆ, ಆಪ್ರಿ ವೇದಿಕೆಯವರೂ ಅವನನ್ನು ಹೊರಹಾಕಿದರು. ಅಕ್ಟೋಬರಿನಲ್ಲಿ ಅವನು ಮರುಮದುವೆಯಾದ. 1953ರ ಜನವರಿ 1ರಂದು, ಒಹಾಯೊ ರಾಜ್ಯದಲ್ಲಿ ಹಾಡಲು ಹೋಗುತ್ತಿದ್ದಾಗ, ಕಾರಿನ ಹಿಂದಿನ ಸೀಟಿನಲ್ಲಿ ಸತ್ತಿರುವುದು ತಿಳಿದುಬಂತು. ಇಪ್ಪತ್ತೊಂಬತ್ತೇ ವರ್ಷ. ಮಾಂಟ್‌ಗಮರಿಯ ಅಂತ್ಯಕ್ರಿಯೆಗೆ 20,000ಕ್ಕೂ ಹೆಚ್ಚು ಜನ ನೆರೆದಿದ್ದರೆಂದು ಅಂದಾಜು. 2010ರಲ್ಲಿ, ಸತ್ತು ಐವತ್ತೇಳು ವರ್ಷಗಳ ಮೇಲೆ, ಅವನಿಗೆ ಪುಲಿಟ್ಜರ್ ವಿಶೇಷ ಗೌರವ ಸಂದಿತು.

ಆ ಶನಿವಾರ ಮಧ್ಯಾಹ್ನ ನಾವು ಅವನ ಸಮಾಧಿಯನ್ನೂ ನೋಡಿದ್ದೆವು. ಬಿಳಿಯ ಎತ್ತರದ ಕಲ್ಲು, ಅದರ ಬುಡದಲ್ಲಿ ಕಲ್ಲಿನಲ್ಲೇ ಕಡೆದ ಟೋಪಿ. ಪಕ್ಕದಲ್ಲಿ ಅಂಥದೇ ಇನ್ನೊಂದು ಕಲ್ಲು. ಅದು ಆಡ್ರಿಯದು. ವಿಚ್ಛೇದನ ಪಡೆದಿದ್ದರೂ, 1975ರಲ್ಲಿ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಅವಳನ್ನು ಅವನ ಮಗ್ಗುಲಲ್ಲೇ ಮಲಗಿಸಿದ್ದಾರೆ. ಬಂದವರೆಲ್ಲ ಟೋಪಿಯ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು, ನಾನೂ ತೆಗೆಸಿಕೊಂಡೆ. ಅವಳ ಕಲ್ಲಿನೆದುರು ನಿಲ್ಲಬೇಕೆಂದು ಆಗ ನನಗೆ ತೋಚಲಿಲ್ಲ.

ಓದಿ ತಿಳಿದ ಮೇಲೆ ಒಂದು ರಾತ್ರಿ ಊಟವಾದ ಬಳಿಕ, ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ತನ್ನ ತಾಯಿಗಿಂತ ಮೊದಲು ಆ ಮನೆಯಲ್ಲಿ ಒಂದು ಕೂಸಿತ್ತೆಂಬುದೇ ಅವಳಿಗೆ ತಿಳಿದಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ಅಜ್ಜಿದು ಏನೂ ತಪ್ಪಿರಲಿಲ್ಲ ಅಲ್ವಾ ಅಜ್ಜ?"

"ಇಲ್ಲಮ್ಮ" ಎಂದೆ. ನಲವತ್ತೇಳು ವರ್ಷಗಳಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅದಾಗಿಯೂ ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನನಗೆ ಎಂಬತ್ತು ದಾಟಿದೆ. ಅಂದು ಆ ಅಂಗಳದಲ್ಲಿ ಕೂತಿದ್ದವರಲ್ಲಿ ಮೂರ್ನಾಲ್ಕು ಜನ ಇನ್ನೂ ಇದ್ದೀರಿ. ನಿಮ್ಮ ಮಕ್ಕಳು ಇದನ್ನು ನಿಮಗೆ ಓದಿ ಹೇಳುತ್ತಾರೆಂದು ಬಲ್ಲೆ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಜ್ವರ ಏರಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಎರಡು ರಾತ್ರಿ ಕಣ್ಣು ಮುಚ್ಚದೆ ಕೂತಿದ್ದವಳು ಅವಳು. ಮನೆಯಲ್ಲಿ ಇಲ್ಲದಿದ್ದವನು ನಾನು. ಅವಳದು ಏನೂ ತಪ್ಪಿರಲಿಲ್ಲ. ಅವಳದು ಕಲ್ಲೆದೆಯೂ ಆಗಿರಲಿಲ್ಲ.